ಭಾವಚಿತ್ರ ಮತ್ತು ಪ್ರತ್ಯಭಿಜ್ಞೆ

ಅಮೆರಿಕದ ಛಾಯಾಗ್ರಾಹಕ ನಿಕೊಲಸ್ ನಿಕ್ಸನ್ ತಮ್ಮ ಪತ್ನಿಯನ್ನೂ ಆಕೆಯ ಮೂವರು ಸಹೋದರಿಯರನ್ನೂ 1975ರಿಂದ 2022ರವರೆಗೆ ವರ್ಷಕ್ಕೊಂದರಂತೆ ಚಿತ್ರಿಸಿದ ‘ದ ಬ್ರೌನ್ ಸಿಸ್ಟರ್ಸ್’ ಮಾಲಿಕೆಯನ್ನು ಸಾಲಾಗಿ ನೋಡುತ್ತ ಹೋದಂತೆ, ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆಯೊಂದು ಎದುರಾಗುತ್ತದೆ: ಮೊದಲ ಚಿತ್ರದ ಹುಡುಗಿಯೂ ಕೊನೆಯ ಚಿತ್ರದ ಹಿರಿಯ ಹೆಂಗಸೂ ಒಬ್ಬಳೇ ಎಂಬ ತಿಳಿವಿಗೆ ಆಧಾರವೇನು?

ಹಿಂದೆ ಕಂಡದ್ದನ್ನು ಮತ್ತೆ ಕಂಡಾಗ ‘ಇದು ಅದೇ’ ಎಂದು ಗುರುತಿಸುವ ಜ್ಞಾನಕ್ಕೆ ಪ್ರತ್ಯಭಿಜ್ಞೆ ಎಂದು ಹೆಸರು. ನೈಯಾಯಿಕರು ಇದನ್ನು ವಸ್ತುವಿನ ಸ್ಥಿರತೆಗೆ ಪ್ರಮಾಣವೆಂದು ಮುಂದಿಟ್ಟರೆ, ಎಲ್ಲವೂ ಹುಟ್ಟಿದ ಕ್ಷಣದಲ್ಲೇ ಅಳಿಯುತ್ತದೆ ಎನ್ನುವ ಬೌದ್ಧ ಕ್ಷಣಿಕವಾದಿಗಳು, ಕತ್ತರಿಸಿದ ಮೇಲೆ ಮತ್ತೆ ಬೆಳೆದ ಉಗುರನ್ನೂ ಜನ ‘ಅದೇ ಉಗುರು’ ಎನ್ನುವುದನ್ನು ತೋರಿಸಿ, ಸಾದೃಶ್ಯವೇ ಐಕ್ಯದ ಭ್ರಮೆಯನ್ನು ಹುಟ್ಟಿಸುತ್ತದೆ ಎಂದರು.

ನಿಕ್ಸನ್ ಬಳಸಿದ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ, ಅಂದರೆ ಎಂಟು ಇಂಚು ಅಗಲ ಹತ್ತು ಇಂಚು ಉದ್ದದ ಬಿಡಿ ಫಿಲ್ಮ್ ಹಾಳೆಯ ಮೇಲೆ ಚಿತ್ರ ಮೂಡಿಸುವ ಯಂತ್ರ, ಈ ವಾದಕ್ಕೆ ತಕ್ಕ ನೆಲೆಯಾಗಿದೆ. ಅದರ ಹಿಂಬದಿಯ ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಬಿಂಬವನ್ನು ಛಾಯಾಗ್ರಾಹಕ ಕಪ್ಪು ಬಟ್ಟೆಯೊಳಗೆ ತಲೆಯಿಟ್ಟು ಸ್ಫುಟಗೊಳಿಸುತ್ತಾನೆ. ಆಮೇಲೆ ಲೆನ್ಸನ್ನು ಮುಚ್ಚಿ, ಫಿಲ್ಮ್ ಇರುವ ಹೋಲ್ಡರನ್ನು ತೂರಿಸಿ, ಅದರ ಮರೆಹಲಗೆಯನ್ನು ಎಳೆದು ಶಟರ್ ಒತ್ತುವಷ್ಟರಲ್ಲಿ ಗಾಜಿನ ಮೇಲೆ ಅವನಿಗೆ ಏನೂ ಕಾಣದು. ಫೋಕಸ್‌ನ ಆಳವೂ ತೀರ ಕಿರಿದಾದ್ದರಿಂದ ಎದುರಿಗಿದ್ದವರು ತುಸು ಮುಂದೆ ವಾಲಿದರೂ ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗುತ್ತದೆ. ನೋಡಿದ ಮುಖ ಒಂದು ಗಳಿಗೆಯದು, ಫಿಲ್ಮಿಗೆ ದಕ್ಕಿದ ಮುಖ ಇನ್ನೊಂದು ಗಳಿಗೆಯದು. ಇವೆರಡೂ ಒಂದೇ ಎಂಬ ನಂಬಿಕೆಯಿಲ್ಲದೆ ಈ ಕಸುಬು ನಡೆಯದು. ಕ್ಷಣಿಕವಾದಿಯೇ ಈ ಕ್ಯಾಮೆರಾ ಹಿಡಿದರೂ ಎದುರಿಗಿದ್ದವರಿಗೆ ಅಲುಗಾಡಬೇಡಿ ಎಂದೇ ಹೇಳಬೇಕಾದೀತು, ಆದರೆ ಅದರಿಂದ ಅವನ ಮತವೇನೂ ಬಿದ್ದುಹೋಗದು.

ಶಂಕರರು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಕೊಡುವ ಉತ್ತರ ಬೇರೆ ಬಗೆಯದು: ‘ಇದು ಅದರಂತಿದೆ’ ಎನ್ನಲು ಕೂಡ ಎರಡನ್ನೂ ಕಂಡ ಒಬ್ಬ ಜ್ಞಾತೃ, ಎಂದರೆ ಅರಿಯುವವನು, ಇರಲೇಬೇಕು. ಎರಡು ಚಿತ್ರಗಳು ಗೋಡೆಯ ಮೇಲೆ ಅಕ್ಕಪಕ್ಕದಲ್ಲೇ ಇರುವಾಗ ನೆನಪಿನ ಹಂಗೇಕೆ ಎಂಬ ಆಕ್ಷೇಪ ಇಲ್ಲಿ ಸಹಜವೇ. ಆದರೆ ಕಣ್ಣು ಒಂದರಿಂದ ಇನ್ನೊಂದಕ್ಕೆ ಸರಿಯಲೂ ಹೊತ್ತು ಬೇಕಾದ್ದರಿಂದ ಅದು ನಿಲ್ಲಲಾರದು. ಆದರೂ ಈ ವಾದದಿಂದ ಸಿದ್ಧವಾಗುವುದು ನೋಡುಗನ ಐಕ್ಯ ಮಾತ್ರ. ಚಿತ್ರದಲ್ಲಿರುವವಳ ಐಕ್ಯ ಇನ್ನೂ ವಿವಾದದಲ್ಲೇ ಉಳಿಯುತ್ತದೆ.

ಮಾಲಿಕೆಯುದ್ದಕ್ಕೂ ನಾಲ್ವರೂ ಎಡದಿಂದ ಬಲಕ್ಕೆ ಒಂದೇ ಕ್ರಮದಲ್ಲಿದ್ದಾರೆ ಎಂಬುದು ಈ ಕಾರಣಕ್ಕೇ ಗಮನಾರ್ಹವಾದುದು. ವರ್ಷಕ್ಕೊಮ್ಮೆ ತನ್ನ ಜಾಗಕ್ಕೆ ಬಂದು ನಿಲ್ಲುವವಳು, ಕಳೆದ ಸಲ ಅಲ್ಲಿ ನಿಂತವಳು ತಾನೇ ಎಂದು ನೋಡುಗನ ನೆರವಿಲ್ಲದೆಯೇ ಗುರುತಿಸಿಕೊಂಡಿರುತ್ತಾಳೆ. ಇದೂ ಸಂತಾನದ, ಅಂದರೆ ಒಂದರಿಂದೊಂದು ಹುಟ್ಟುವ ಕ್ಷಣಗಳ ಪ್ರವಾಹದ, ಕೆಲಸವೇ ಎಂದು ಬೌದ್ಧರು ಹೇಳಬಹುದು; ಹಾಗೆ ಹೇಳುವಾಗ ಮಾತ್ರ ಅವರು ಮುಖಗಳ ಹೋಲಿಕೆಯನ್ನು ಬಿಟ್ಟು, ಆ ಪ್ರವಾಹದಲ್ಲಿ ನೆನಪು ದಾಟುವ ಬಗೆಯನ್ನೇ ವಿವರಿಸಬೇಕಾಗುತ್ತದೆ.