ಪೂಜಾರಿ ಕೊಡ

'ದೇವರು ವರ ಕೊಟ್ಟರೂ ಪೂಜಾರಿ ಕೊಡ.' ಈ ಗಾದೆಯ ಜೀವ ಇರುವುದು ಕೊನೆಯ ಪದದಲ್ಲಿ. 'ಕೊಡ' ಎಂಬ ಹಳೆಯ ನಿಷೇಧರೂಪಕ್ಕೆ ಕಾಲದ ಕಟ್ಟಿಲ್ಲ. ನಿನ್ನೆ ಕೊಡಲಿಲ್ಲ, ಇಂದೂ ಇಲ್ಲ, ನಾಳೆ ಕೇಳಲೂ ಬೇಡ. ನಗುತ್ತ ಆಡುವ ಮಾತು. ಬಾಗಿಲ ಹೊರಗೆ ನಿಂತವನಿಗೆ ಮಾತ್ರ ನಗು ಬಾರದು.

1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಸೀತಾರಾಮ ಕೇಶವ ಬೋಲೆ ಒಂದು ನಿರ್ಣಯ ತಂದು ಗೆದ್ದರು. ಸಾರ್ವಜನಿಕ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಸರ್ಕಾರಿ ಶಾಲೆ, ಕೋರ್ಟು, ದವಾಖಾನೆ ಎಲ್ಲವೂ ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಅದೇ ಪ್ರಾಂತದವು. ವರ ನಮ್ಮವರೆಗೂ ಬಂದಿತ್ತು. ಮೂರು ವರ್ಷ ಕಳೆದರೂ ನೀರು ಸಿಗದಾಗ, ಒಪ್ಪದ ಪುರಸಭೆಗಳಿಗೆ ಅನುದಾನ ನಿಲ್ಲಿಸಿ ಎಂದು ಬೋಲೆ 1926ರಲ್ಲಿ ಮತ್ತೆ ಎದ್ದು ನಿಂತರು. ಪೂಜಾರಿಯ ತಟ್ಟೆಗೇ ಕೈ ಹಾಕಿದ ಜಾಣತನ!

ಅದೇ ಪ್ರಾಂತದ ಮಹಾಡದ ಪುರಸಭೆ 1924ರಲ್ಲೇ ಕೆರೆ ತೆರೆದಿತ್ತು, ಕಾಗದದ ಮೇಲೆ. 1927ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರು ಹೋಗಿ ಬೊಗಸೆ ನೀರು ಕುಡಿದರು. ಪೆಟ್ಟು ಬಿದ್ದವು. ಆಮೇಲೆ ಸವರ್ಣೀಯರು 108 ಕೊಡಗಳಲ್ಲಿ ಸಗಣಿ, ಗೋಮೂತ್ರ, ಹಾಲು, ಮೊಸರು ಬೆರೆಸಿ ಕೆರೆಗೆ ಸುರಿದು 'ಶುದ್ಧಿ' ಮಾಡಿಕೊಂಡರು. ಗಾದೆಯ 'ಕೊಡ'ಕ್ಕೆ ಇಂಥ ಶ್ಲೇಷೆಯೂ ಇದೆಯೆಂದು ಯಾರು ಎಣಿಸಿದ್ದರು?

ಬೋಲೆಯವರ ಪಟ್ಟಿಯಲ್ಲಿ ಗುಡಿ ಇರಲಿಲ್ಲ. 1930ರ ಮಾರ್ಚ್‌ನಲ್ಲಿ ನಾಸಿಕದ ಕಾಳಾರಾಮ ಮಂದಿರದ ಮುಂದೆ ಕೂತ ಸಾವಿರಾರು ಜನಕ್ಕೆ ಬಾಗಿಲು ತೆರೆಯಲೇ ಇಲ್ಲ. ಗುದ್ದಾಟ ವರ್ಷಗಟ್ಟಲೆ ಎಳೆಯಿತು. ಅದೇ ಜಿಲ್ಲೆಯ ಯೇವಲೆಯಲ್ಲಿ 1935ರ ಅಕ್ಟೋಬರ್ 13ರಂದು, ತಾನು ಹಿಂದೂವಾಗಿ ಸಾಯುವುದಿಲ್ಲ ಎಂದರು ಅಂಬೇಡ್ಕರ್.

ಪೂಜಾರಿಗಳು ಎಲ್ಲೆಡೆ ಇದ್ದಾರೆ. ಐರ್ಲೆಂಡಿನ ಡೇನಿಯಲ್ ಓಕಾನೆಲ್ 1828ರಲ್ಲಿ ಚುನಾವಣೆ ಗೆದ್ದರೂ ಕ್ಯಾಥೊಲಿಕ್ ಆದ್ದರಿಂದ ಪಾರ್ಲಿಮೆಂಟಿನಲ್ಲಿ ಕೂರಲಾಗಲಿಲ್ಲ. ಮರುವರ್ಷ ಆ ತಡೆ ತೆಗೆಯುವ ಕಾಯ್ದೆ ಬಂತು. ಅದರ ಜೊತೆಗೇ ಮತದಾನಕ್ಕೆ ಬೇಕಾದ ಆಸ್ತಿಯ ಮಿತಿ 40 ಶಿಲ್ಲಿಂಗಿನಿಂದ 10 ಪೌಂಡಿಗೆ ಏರಿತು. ಅವರನ್ನು ಗೆಲ್ಲಿಸಿದ ಬಡ ರೈತರೇ ಮತ ಕಳೆದುಕೊಂಡರು.

ಗಾದೆಯನ್ನು ತಿರುವಿ ಹಾಕಿದ ಒಬ್ಬರು ನಾಸಿಕ ಜಿಲ್ಲೆಯ ಸಟಾಣಾದಲ್ಲಿದ್ದರು: ಮಾಮಲೇದಾರ ಯಶವಂತರಾವ್ ಭೋಸೇಕರ್. ನಮ್ಮ ಧಾರವಾಡ ಕಡೆಯ ಹಳಬರೂ ತಹಶೀಲ್ದಾರರನ್ನು ಮಾಮಲೇದಾರ ಎಂದೇ ಕರೆಯುತ್ತಿದ್ದರು. ಖಜಾನೆಯ ಕೀಲಿ ಅವರ ಕೈಯಲ್ಲಿ. 1870-71ರ ಬರದಲ್ಲಿ ಇವರು ಮೇಲಿನ ಅಪ್ಪಣೆಗೆ ಕಾಯದೆ ಸರ್ಕಾರಿ ಖಜಾನೆ ತೆರೆದು ಹಸಿದವರಿಗೆ ಹಂಚಿದರು. ತಪಾಸಣೆಗೆ ಬಂದವರಿಗೆ ಹಣ ಪೂರ್ತಿ ಸಿಕ್ಕಿತು ಎಂಬುದು ಭಕ್ತರ ಕಥೆ. ನನಗೆ ಆ ಪವಾಡ ಬೇಕಿಲ್ಲ, ಕೀಲಿ ತಿರುಗಿಸಿದ ಕೈ ಸಾಕು. ಇಲ್ಲಿ ದೇವರು ಇನ್ನೂ ಬಾಯಿಬಿಟ್ಟಿರಲಿಲ್ಲ, ಪೂಜಾರಿ ಕೊಟ್ಟುಬಿಟ್ಟಿದ್ದ.

ಜನ ಅವರನ್ನು ದೇವಮಾಮಲೇದಾರ ಎಂದರು. ಸಟಾಣಾದಲ್ಲಿ ಅವರ ಗುಡಿಯಿದೆ, ವರ್ಷಕ್ಕೊಮ್ಮೆ ಜಾತ್ರೆ ನಡೆಯುತ್ತದೆ.