ಟ್ರೇಯಲ್ಲಿಟ್ಟ ತಸ್ಬೀಹ್

ವಿಮಾನ ನಿಲ್ದಾಣದ ತಪಾಸಣೆಯನ್ನು ಸರಾಗವಾಗಿ ದಾಟುವುದು ದೊಡ್ಡ ವಿದ್ಯೆಯೇನಲ್ಲ. ಹೊತ್ತಿಗೆ ಮುಂಚೆ ಹೋಗಬೇಕು. ಕತ್ತರಿ, ಚಾಕು ಕೈಚೀಲದಲ್ಲಿರಬಾರದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಬೆಲ್ಟು, ಫೋನು, ನಾಣ್ಯಗಳನ್ನು ಟ್ರೇಗೆ ಹಾಕಬೇಕು. ಬಾಂಬಿನ ಹೆಸರೆತ್ತಿ ತಮಾಷೆ ಮಾಡಬಾರದು. ಈ ಪಟ್ಟಿ ಎಲ್ಲರಿಗೂ ಒಂದೇ.

ಆದರೆ ನಮ್ಮ ಮನೆಗಳಲ್ಲಿ ಎಲ್ಲೂ ಬರೆದಿರದ ಇನ್ನೊಂದು ಪಟ್ಟಿಯಿದೆ. ಗಡ್ಡ ಸ್ವಲ್ಪ ಚಿಕ್ಕದು ಮಾಡಿಸಿಕೋ. ಟೋಪಿ ಜೇಬಿನಲ್ಲಿರಲಿ. ಸಾಲಿನಲ್ಲಿ ನಿಂತು ಫೋನಿನಲ್ಲಿ ಜೋರಾಗಿ ಸಲಾಂ ಹೇಳಬೇಡ. ಮೊದಲನೆಯ ಪಟ್ಟಿ ವಿವೇಕ. ಈ ಎರಡನೆಯದನ್ನು ಏನೆಂದು ಕರೆಯೋಣ?

ತಾಯಿಯನ್ನು ಉಮ್ರಾಕ್ಕೆ ಕರೆದೊಯ್ಯುವಾಗ ಸಾಲಿನಲ್ಲಿ ಅವರ ಬೆರಳುಗಳು ತಸ್ಬೀಹ್ ಎಣಿಸುತ್ತಿದ್ದವು. ತುಟಿಗಳು ಅಲುಗುತ್ತಿದ್ದವು. ನಾನು ಬಗ್ಗಿ, "ಅಮ್ಮೀ, ಅದನ್ನು ಸ್ವಲ್ಪ ಹೊತ್ತು ಒಳಗಿಡಿ" ಎಂದೆ. ಅವರು ನನ್ನ ಮುಖ ನೋಡಿದರು. "ಯಾಕೆ ಬೇಟಾ, ನಾವೇನು ಕದ್ದಿದ್ದೇವೆಯೇ?" ನನ್ನಲ್ಲಿ ಉತ್ತರವಿರಲಿಲ್ಲ. ತಸ್ಬೀಹ್ ಟ್ರೇಯಲ್ಲಿ ಹೋಯಿತು, ಹೊರಬಂತು. ಪರದೆಯ ಹಿಂದೆ ಮಹಿಳಾ ಪೇದೆ ಅವರನ್ನು ತಪಾಸಿಸಿದಳು. ಕೊನೆಗೆ ತೆಗೆದಿಟ್ಟದ್ದು ಎಲೆಯಡಿಕೆ ಚೀಲದಲ್ಲಿದ್ದ ಅಡಕತ್ತರಿಯನ್ನು ಮಾತ್ರ. ತಸ್ಬೀಹ್ ಕೈಗೆ ಮರಳಿತು. ತಾಯಿಗೆ ಅಡಕತ್ತರಿ ಹೋದ ಬೇಸರವಿತ್ತೇ ಹೊರತು ಅವಮಾನವಾಗಿರಲಿಲ್ಲ. ಅವರಿಗೆ ಆ ದಿನ ಅವಮಾನ ಮಾಡಿದವನು ಯಾರಾದರೂ ಇದ್ದರೆ ಅದು ನಾನೇ.

ತಪಾಸಣೆ ಬೇಡವೆಂದು ಯಾವ ಬುದ್ಧಿವಂತನೂ ಹೇಳಲಾರ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಕಂದಹಾರ ತಲುಪಿದ್ದನ್ನು, 2001ರಲ್ಲಿ ಒಬ್ಬ ಬೂಟಿನಲ್ಲಿ ಸ್ಫೋಟಕವಿಟ್ಟು ವಿಮಾನವೇರಿದ್ದನ್ನು ನಾವು ಮರೆಯುವಂತಿಲ್ಲ. ಆ ಕಾವಲು ನಮ್ಮ ಜೀವಕ್ಕೂ ಕಾವಲು. 2009ರಲ್ಲಿ ದೆಹಲಿಯಲ್ಲಿ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಮ್ ಅವರನ್ನೂ ತಡವಿ ನೋಡಿದರು. ಅವರು ದೂರಲಿಲ್ಲ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ತಪಾಸಣೆಯಲ್ಲಿ ಒಂದು ಬಗೆಯ ನ್ಯಾಯವೂ ಇದೆ.

ತಪಾಸಣೆ ಬೇರೆ, ಸಂಶಯ ಬೇರೆ. ತಪಾಸಣೆ ಚೀಲವನ್ನು ಕೇಳುತ್ತದೆ, ಸಂಶಯ ಹೆಸರನ್ನು ಕೇಳುತ್ತದೆ. 2007ರ ಜುಲೈ 2ರಂದು ಡಾ. ಮೊಹಮ್ಮದ್ ಹನೀಫ್ ಆಗ ತಾನೇ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದರು. ಬ್ರಿಸ್ಬೇನ್ ನಿಲ್ದಾಣದಲ್ಲಿ ಅವರನ್ನು ಬಂಧಿಸಿದರು. ಬ್ರಿಟನ್ನಿನ ಸಂಬಂಧಿಗೆ ಬಿಟ್ಟುಬಂದಿದ್ದ ಸಿಮ್ ಕಾರ್ಡು, ಕೈಯಲ್ಲಿದ್ದ ಒಮ್ಮುಖ ಟಿಕೆಟ್ಟು ಅವರ ವಿರುದ್ಧ ಸಾಕ್ಷಿಗಳಾದವು. ಅದೇ ತಿಂಗಳ 27ರಂದು ಆರೋಪವನ್ನು ಹಿಂತೆಗೆದುಕೊಂಡರು. 2010ರಲ್ಲಿ ಆಸ್ಟ್ರೇಲಿಯಾ ಸರಕಾರ ಪರಿಹಾರ ಕೊಟ್ಟಿತು. ಯಾವ ಟ್ರೇಯಲ್ಲೂ ಏನೂ ಸಿಗದಿದ್ದರೂ ಮನುಷ್ಯ ಸಿಕ್ಕಿಬೀಳಬಹುದು. ಆದ್ದರಿಂದ ಎರಡನೆಯ ಪಟ್ಟಿ ಹುಟ್ಟಿದ ಭಯ ಪೊಳ್ಳಲ್ಲ.

ಆದರೂ ಆ ಪಟ್ಟಿ ತಪ್ಪೆಂದೇ ನನಗೀಗ ಅನಿಸುತ್ತದೆ. ನಾನು ಗಡ್ಡ ಕತ್ತರಿಸಿಕೊಂಡು ಸರಾಗವಾಗಿ ದಾಟಿದರೆ, ನನ್ನ ಹಿಂದೆ ಗಡ್ಡ ಬಿಟ್ಟು ನಿಂತವನ ಮೇಲಿನ ಸಂಶಯ ಇನ್ನಷ್ಟು ದಪ್ಪವಾಗುತ್ತದೆ. ನನ್ನ ಅನುಕೂಲದ ಬೆಲೆಯನ್ನು ತೆರುವವನು ಅವನು. ಇನ್ನೊಂದು ಮಾತು. ಸೂರಃ ಹುಜುರಾತ್ ಅತಿ ಸಂಶಯದಿಂದ ದೂರವಿರಲು ವಿಶ್ವಾಸಿಗಳಿಗೆ ಹೇಳುತ್ತದೆ. ಇದನ್ನು ನಾವು ಪರರಿಗೆ ಓದಿ ಹೇಳಲು ಬಹಳ ಇಷ್ಟಪಡುತ್ತೇವೆ. ಆದರೆ ತಾಯಿಯ ತಸ್ಬೀಹ್ ಒಳಗಿಡಿಸಲು ಹೊರಟಾಗ, ಮುಖವನ್ನೂ ನೋಡಿರದ ಆ ಪೇದೆಯ ಬಗ್ಗೆ ಕೆಟ್ಟ ಗುಮಾನಿ ಇಟ್ಟುಕೊಂಡಿದ್ದವನು ನಾನಲ್ಲವೇ?

ನಿಯಮ ಕೇಳಿದ್ದನ್ನು ಕೊಡೋಣ, ಅಡಕತ್ತರಿಯನ್ನೂ. ನಿಯಮ ಕೇಳದಿರುವುದನ್ನು ನಾವಾಗಿ ಬಿಚ್ಚಿಡುವುದು ಬೇಡ. ಯಾರಾದರೂ ಹೆಸರು ನೋಡಿ ತಡೆದರೆ, ಕಾರಣ ಕೇಳೋಣ, ಶಾಂತವಾಗಿಯೇ ಕೇಳೋಣ. ಸ್ವಲ್ಪ ತಡವಾಗಬಹುದು. ಅದಕ್ಕೇ ತಾನೆ, ಹೊತ್ತಿಗೆ ಮುಂಚೆ ಹೋಗುವುದು.