ಕೊರಡಿನ ಕೆಳಗಿನ ಚಿಗುರು



ಬೆಟ್ಟ ಹತ್ತುವವರ ಕಣ್ಣು ಸಾಮಾನ್ಯವಾಗಿ ಎರಡೇ ಕಡೆ ಇರುತ್ತದೆ. ಒಂದು, ಮೇಲೆ ಕಾಣುವ ಶಿಲುಬೆಯ ಕಡೆ. ಇನ್ನೊಂದು, ಎಡವದ ಹಾಗೆ ಕಾಲ ಬುಡದ ಕಡೆ. ಪ್ರಭು ಯೇಸು ಇವೆರಡರ ನಡುವೆ ಇರುವುದನ್ನೂ ನೋಡಲು ಕಲಿಸಿದರು. ಬೀಜ ಚೆಲ್ಲುವ ರೈತ, ಹಿಟ್ಟಿಗೆ ಹುಳಿ ಕಲಸುವ ಹೆಂಗಸು, ಕಳೆದುಹೋದ ಒಂದೇ ಒಂದು ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯೆಲ್ಲ ಗುಡಿಸುವಾಕೆ, ಸಾಸಿವೆ ಕಾಳು, ಅಂಜೂರದ ಗಿಡದ ಎಳೆ ಚಿಗುರು – ಇವೆಲ್ಲ ಅವರ ಬಾಯಲ್ಲಿ ದೇವರಾಜ್ಯದ ಪಾಠಗಳಾದವು. ಅವರು ದೊಡ್ಡ ಗ್ರಂಥ ಬಿಚ್ಚಿ ಬೋಧಿಸಿದ್ದಕ್ಕಿಂತ ಹೊಲ, ಕೆರೆದಂಡೆ, ಅಡುಗೆಮನೆ ತೋರಿಸಿ ಬೋಧಿಸಿದ್ದೇ ಹೆಚ್ಚು.

ಅಂಥದ್ದೇ ಒಂದು ಪಾಠವನ್ನು ಹಾವೇರಿ ಸೀಮೆಯ ಒಬ್ಬ ರೈತ ತಾಯಿ, ಓದು ಬರಹ ಬಾರದವಳು, ತನ್ನ ಮಗನಿಗೆ ಬೆಟ್ಟದ ಹಾದಿಯಲ್ಲಿ ಹೇಳಿಕೊಟ್ಟ ಬಗೆ ಇದು.

ಕೊಸರಿನ ಗುಬ್ಬಿ

ಮಗನಿಗೆ ಇಪ್ಪತ್ತಾರು ವರ್ಷ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಮಣ್ಣು ಕೊಟ್ಟ ದಿನ ಚರ್ಚಿನಿಂದ ಹೊರಗೆ ಬಂದವನು ಮತ್ತೆ ಒಳಗೆ ಕಾಲಿಟ್ಟಿರಲಿಲ್ಲ. ಆಸ್ಪತ್ರೆಗೆಂದು ಮಾಡಿದ ಸಾಲ ಹಾಗೇ ಇತ್ತು. ಇದ್ದ ಎರಡೆಕರೆ ಮಾರಿ ಬೆಂಗಳೂರಿಗೆ ಹೋಗಿಬಿಡುವುದು ಎಂದು ಅವನು ಮನಸ್ಸು ಮಾಡಿದ್ದ. ಕೊಳ್ಳುವವರೂ ಸಿಕ್ಕಿದ್ದರು. ಕಾಗದಕ್ಕೆ ಸಹಿ ಹಾಕುವ ಮೊದಲು ತಾಯಿ ಒಂದೇ ಮಾತು ಕೇಳಿದಳು: "ಒಮ್ಮೆ ಬೆಟ್ಟಕ್ಕ ಕರಕೊಂಡು ಹೋಗಪಾ. ಆಮ್ಯಾಲ ನಿನ್ನ ಮನಸ್ಸಿಗೆ ಬಂದಂಗ ಮಾಡು."

ಅವನು ಬಂದ. ಆದರೆ ಪ್ರಾರ್ಥನೆಗೆ ಬರಲಿಲ್ಲ, ತಾಯಿಯ ಚೀಲ ಹೊರಲು ಬಂದ.

ಬೆಟ್ಟದ ಬುಡದಲ್ಲಿ ಸಾಲಾಗಿ ಅಂಗಡಿಗಳು. ತಾಯಿ ಒಂದು ಕಟ್ಟು ಮೇಣದ ಬತ್ತಿ ಕೊಂಡು, ದುಡ್ಡು ಕೊಡುತ್ತಾ, "ಕೊಸರು ಒಂದು ಹಾಕವ್ವಾ" ಎಂದಳು. ಅಂಗಡಿಯಾಕೆ ನಕ್ಕು ಒಂದು ಸಣ್ಣ ಬತ್ತಿ ಸೇರಿಸಿ ಕೊಟ್ಟಳು. ಮಗನಿಗೆ ನಾಚಿಕೆಯಾಯಿತು. "ದೇವರ ಬತ್ತಿಗೂ ಕೊಸರು ಕೇಳ್ತೀಯಲ್ಲಬೇ ಯವ್ವಾ" ಎಂದ.

"ಕೇಳ್ತೀನಿ. ಕೊಸರಂದ್ರ ದೇವರಿಗೆ ಭಾಳ ಪ್ರೀತಿ" ಎಂದಳು ತಾಯಿ.

ಇದು ತಮಾಷೆಯ ಮಾತಲ್ಲ. ಮತ್ತಾಯನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಯೇಸು ಗುಬ್ಬಿಗಳ ಬೆಲೆ ಹೇಳುತ್ತಾರೆ: ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ 12ನೇ ಅಧ್ಯಾಯದಲ್ಲಿ ಲೆಕ್ಕ ಬೇರೆ: ಎರಡು ಕಾಸಿಗೆ ಐದು ಗುಬ್ಬಿ. ಸಂತೆಯ ಲೆಕ್ಕ ಬಲ್ಲವರಿಗೆ ಇದು ಕೂಡಲೇ ಹೊಳೆಯುತ್ತದೆ. ಎರಡು ಕಾಸಿಗೆ ನಾಲ್ಕು ಬರಬೇಕು. ಐದನೆಯದು ಕೊಸರು. ಅದಕ್ಕೆ ಬೆಲೆಯೇ ಇಲ್ಲ, ವ್ಯಾಪಾರಿ ಸುಮ್ಮನೆ ಎಸೆದದ್ದು. ಆದರೂ ಆ ಐದರಲ್ಲಿ ಒಂದನ್ನೂ ದೇವರು ಮರೆತಿಲ್ಲ ಎನ್ನುತ್ತಾರೆ ಪ್ರಭು. ಯಾರ ಲೆಕ್ಕದಲ್ಲೂ ಇಲ್ಲದ ಆ ಕೊಸರಿನ ಗುಬ್ಬಿ ತಂದೆಯ ಲೆಕ್ಕದಲ್ಲಿದೆ.

ಯಾತ್ರಿಕರೇ, ಮನೆಯಲ್ಲಿ, ಊರಲ್ಲಿ, ಕೆಲಸದ ಕಡೆ "ನಾನು ಲೆಕ್ಕಕ್ಕಿಲ್ಲ" ಎಂದು ನೊಂದುಕೊಂಡು ಬೆಟ್ಟಕ್ಕೆ ಬಂದವರು ನಿಮ್ಮಲ್ಲಿ ಇರಬಹುದು. ಅಂಗಡಿಯಲ್ಲಿ ಕೊಸರು ಕೈಗೆ ಬಂದಾಗ ಆ ಐದನೆಯ ಗುಬ್ಬಿಯನ್ನು ನೆನೆಯಿರಿ.

ಮೂರನೆಯ ಸ್ಥಳ

ಮೆಟ್ಟಿಲ ಹಾದಿಯಲ್ಲಿ ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಿದ್ದವು. ಎಲ್ಲ ಕಡೆ ಹದಿನಾಲ್ಕೇ ಇರಬೇಕೆಂದು 1731ರಲ್ಲಿ ವಿಶ್ವಗುರು ಹನ್ನೆರಡನೆಯ ಕ್ಲೆಮೆಂಟರು ಗೊತ್ತುಮಾಡಿದರು. ಇವುಗಳಲ್ಲಿ ಮೂರನೆಯದು, ಏಳನೆಯದು, ಒಂಬತ್ತನೆಯದು – ಈ ಮೂರರಲ್ಲೂ ಪ್ರಭು ಶಿಲುಬೆಯ ಭಾರಕ್ಕೆ ನೆಲಕ್ಕೆ ಬೀಳುತ್ತಾರೆ.

ಮೂರನೆಯ ಸ್ಥಳದಲ್ಲಿ ತಾಯಿ ಮೊಣಕಾಲೂರಿದಳು. ಮಗ ದೂರ ನಿಂತಿದ್ದವನು ತಡೆಯಲಾರದೆ ಕೇಳಿಯೇಬಿಟ್ಟ. "ಯವ್ವಾ, ಅಪ್ಪ ಯಾರಿಗೆ ಏನು ಮಾಡಿದ್ದ? ಪ್ರತಿ ಭಾನುವಾರ ಪೂಜಿಗೆ ಹೋದ. ಯಾರದೂ ಒಂದು ಕಾಳು ಮುಟ್ಟಲಿಲ್ಲ. ಅವನ್ನ ಯಾಕ ಹಿಂಗ ಹೊಸಕಿ ಹಾಕಿದ ದೇವರು?"

ತಾಯಿ ತಕ್ಷಣ ಉತ್ತರ ಕೊಡಲಿಲ್ಲ. ಕಲ್ಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು: "ನಿನಗ ನೆಪ್ಪೈತೇನು? ಸಣ್ಣಾವಿದ್ದಾಗ ಅಪ್ಪ ರಾಗಿಗೆ ಕೊರಡು ಹೊಡಿಯೂದು ನೋಡಿ ಎಷ್ಟು ಅತ್ತಿದ್ದಿ!"

ಅವನಿಗೆ ನೆನಪಿತ್ತು.

ಹಾವೇರಿ ಕಡೆ ಗುಳಿ ರಾಗಿ ಎಂಬ ಹಳೆಯ ಬೇಸಾಯ ಪದ್ಧತಿಯಿದೆ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆ ಕೂಡುವ ಕಡೆ ಗುಳಿ ಮಾಡಿ, ಒಂದು ಹಿಡಿ ಗೊಬ್ಬರ ಹಾಕಿ, ಎಳೆಯ ಸಸಿ ನಾಟುತ್ತಾರೆ. ಸಸಿ ಬೇರು ಹಿಡಿದು ಹಸಿರಾಗಿ ತಲೆ ಎತ್ತಿದ ಮೇಲೆ ರೈತ ನೋಡುವವರ ಎದೆ ಒಡೆಯುವಂಥ ಕೆಲಸ ಮಾಡುತ್ತಾನೆ. ಎತ್ತುಗಳಿಗೆ ಮರದ ಕೊರಡು ಕಟ್ಟಿ ಆ ಸಸಿಗಳ ಮೇಲೇ ಎಳೆಸುತ್ತಾನೆ. ಸಸಿಯೆಲ್ಲ ಬಾಗಿ ನೆಲಕ್ಕೆ ಮಲಗುತ್ತವೆ. ಕೆಲವು ದಿನ ಬಿಟ್ಟು ಮತ್ತೆ, ಇನ್ನೊಂದು ದಿಕ್ಕಿನಿಂದ. ಗೊತ್ತಿಲ್ಲದವರು ನೋಡಿದರೆ ಈ ರೈತನಿಗೆ ಹುಚ್ಚು ಎಂದೇ ಅಂದುಕೊಳ್ಳಬೇಕು.

ಆದರೆ ಬಾಗಿದ ಸಸಿ ಸಾಯುವುದಿಲ್ಲ. ಒಂದೇ ದಂಟಾಗಿ ಮೇಲಕ್ಕೆ ಓಡುತ್ತಿದ್ದ ಗಿಡ ಈಗ ಬುಡದಿಂದ ಹೊಸ ಮರಿಗಳನ್ನು ಒಡೆಯುತ್ತದೆ. ಬೇರು ಗಟ್ಟಿಯಾಗುತ್ತದೆ. ಒಂದು ಸಸಿ ಇದ್ದಲ್ಲಿ ಒಂದು ಪೊದೆ ಏಳುತ್ತದೆ, ಒಂದು ತೆನೆ ಬರುವಲ್ಲಿ ಹತ್ತಾರು ತೆನೆ ಬರುತ್ತವೆ.

"ಅವತ್ತು ನೀನು 'ಅಪ್ಪ ಸಸಿ ಸಾಯ್ಸಾಕತ್ತ್ಯಾನ, ಬ್ಯಾಡ ಅನ್ನು' ಅಂತ ನನ್ನ ಸೆರಗು ಹಿಡಿದು ಎಳದಿ. ಸುಗ್ಗಿಯಾಗ ಅದೇ ತೆನಿ ಹಿಡಕೊಂಡು ಕುಣಿದಿ" ಎಂದಳು ತಾಯಿ.

ಮಗನಿಗೆ ಸಿಟ್ಟು ಬಂತು. "ಹಂಗಾದ್ರ ಅಪ್ಪನ್ನ ಕೊಂದಿದ್ದು ನನ್ನ ಒಳ್ಳೇದಕ್ಕ ಅಂತೀಯೇನು?"

ಈ ಪ್ರಶ್ನೆಯನ್ನು ತೇಲಿಸಿಬಿಡುವ ಹಾಗಿಲ್ಲ. ದುಃಖದಲ್ಲಿ ಇರುವವರಿಗೆ "ಎಲ್ಲ ಒಳ್ಳೆಯದಕ್ಕೇ" ಎಂದು ಹೇಳಿ ಎದ್ದು ಹೋಗುವವರು ಬಹಳ. ತಾಯಿ ಹಾಗೆ ಹೇಳಲಿಲ್ಲ.

"ಇಲ್ಲಪಾ. ನಿಮ್ಮಪ್ಪನ್ನ ದೇವರು ಕೊಂದ ಅಂತ ನಾ ಸತ್ತರೂ ಅನ್ನೂದಿಲ್ಲ. ಬ್ಯಾನಿ ಬಂತು, ಹೋದ. ನಾನೂ ದಿನಾ ಅಳತೀನಿ, ನಿನಗ ತೋರಸೂದಿಲ್ಲ, ಅಷ್ಟ. ಆದ್ರ ಇಲ್ನೋಡು" – ಅವಳು ಮೂರನೆಯ ಸ್ಥಳದ ಚಿತ್ರದ ಕಡೆ ಕೈ ಮಾಡಿದಳು – "ಕೊರಡಿನ ಕೆಳಗ ಯಾರು ಬಿದ್ದಾರ ನೋಡು."

ಮಗ ನೋಡಿದ. ಮರದ ಭಾರದ ಕೆಳಗೆ ನೆಲಕ್ಕೆ ಬಿದ್ದಿದ್ದವರು ಪ್ರಭುವೇ.

ನಮ್ಮ ವಿಶ್ವಾಸದ ತಿರುಳು ಇಲ್ಲಿದೆ. ನಮ್ಮ ದೇವರು ಮೇಲೆ ನಿಂತು ಕೊರಡು ಹೊಡೆಸುವ ದೇವರಷ್ಟೇ ಅಲ್ಲ, ಸಸಿಯ ಜೊತೆ ತಾನೂ ಮಲಗಿ ಆ ಮರವನ್ನು ಬೆನ್ನ ಮೇಲೆ ಹೊತ್ತ ದೇವರು. ಲಾಜರನ ಸಮಾಧಿಯ ಮುಂದೆ ಯೇಸು "ಎಲ್ಲ ಒಳ್ಳೆಯದಕ್ಕೆ" ಎನ್ನಲಿಲ್ಲ, ಕಣ್ಣೀರು ಹಾಕಿದರು. ಆಮೇಲೆ ಸತ್ತವನನ್ನು ಹೆಸರು ಹಿಡಿದು ಕರೆದರು. ಅತ್ತವರೇ ಕರೆದದ್ದು ಎಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ಯಾವ ರೈತನೂ ಬೇರು ಹಿಡಿಯುವ ಮೊದಲು ಕೊರಡು ಹೊಡೆಯುವುದಿಲ್ಲ. ತೆನೆ ಒಡೆಯುವ ಹೊತ್ತಿಗೂ ಹೊಡೆಯುವುದಿಲ್ಲ. ಎಷ್ಟು ಬಾಗಿದರೆ ಏಳುತ್ತದೆ, ಎಷ್ಟು ಬಾಗಿದರೆ ಮುರಿಯುತ್ತದೆ ಎಂಬುದು ಅವನ ಕೈಗೆ ಗೊತ್ತು. ಹಾಗಾಗಿ ಬೇರು ಮುಖ್ಯ. ದಿನದ ಜಪಸರ, ಭಾನುವಾರದ ಬಲಿಪೂಜೆ, ಮಕ್ಕಳಿಗೆ ಹೇಳಿಕೊಟ್ಟ ಶಿಲುಬೆಯ ಗುರುತು – ಸುಖದ ದಿನಗಳಲ್ಲಿ ಇವು ಸಪ್ಪೆ ಅನ್ನಿಸಬಹುದು. ಕಷ್ಟ ಹಾದುಹೋಗುವ ದಿನ ಗಿಡವನ್ನು ನೆಲದಲ್ಲಿ ಹಿಡಿದಿಡುವ ಬೇರು ಇವೇ.

ಎಲೆ ಇಲ್ಲದ ಮರ

ಏಳನೆಯ ಸ್ಥಳದ ಹತ್ತಿರ ಎಲೆಯೆಲ್ಲ ಉದುರಿದ ಒಂದು ಮರವಿತ್ತು. ಬೇಸಿಗೆಯಲ್ಲಿ ಬೆಟ್ಟದ ಮರಗಳು ಹೀಗೇ ಬೋಳಾಗುತ್ತವೆ. ನೀರು ಸಾಲದ ಕಾಲದಲ್ಲಿ ಜೀವ ಉಳಿಸಿಕೊಳ್ಳಲು ಮರವೇ ಎಲೆ ಬಿಡುತ್ತದೆ. ಸತ್ತಂತೆ ಕಾಣುತ್ತದೆ, ಸತ್ತಿರುವುದಿಲ್ಲ.

ಇಂಥದ್ದೊಂದು ಬೋಳು ಮರ ಒಬ್ಬರ ಬದುಕನ್ನೇ ಬದಲಿಸಿದ್ದುಂಟು. ಫ್ರಾನ್ಸಿನ ಬ್ರದರ್ ಲಾರೆನ್ಸರು ಹದಿನೆಂಟರ ಹುಡುಗನಾಗಿದ್ದಾಗ ಚಳಿಗಾಲದಲ್ಲಿ ಎಲೆ ಇಲ್ಲದ ಮರವೊಂದನ್ನು ಕಂಡರು. ಸ್ವಲ್ಪ ದಿನದಲ್ಲಿ ಇದು ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಾಗುತ್ತದೆ ಎಂದು ಯೋಚಿಸುತ್ತಿದ್ದಂತೆ ದೇವರ ಪಾಲನೆಯ ಅರಿವು ಅವರ ಮನಸ್ಸಿನಲ್ಲಿ ನೆಟ್ಟಿತು. ಸೈನಿಕರಾಗಿ ದುಡಿದು, ಗಾಯಗೊಂಡು, ಕೊನೆಗೆ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಅಡುಗೆಮನೆಯ ಕೆಲಸ, ಮುಂದೆ ಚಪ್ಪಲಿ ಹೊಲಿಯುವ ಕೆಲಸ. ಅಡುಗೆ ಕೆಲಸ ಅವರಿಗೆ ಇಷ್ಟವಾದದ್ದೇನೂ ಅಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆಯೇ ಪೀಠದ ಮುಂದೆ ಮೊಣಕಾಲೂರಿದಷ್ಟೇ ಹತ್ತಿರವಾಗಿ ದೇವರನ್ನು ಕಾಣಲು ಕಲಿತರು. 1691ರಲ್ಲಿ ಅವರು ತೀರಿಕೊಂಡರು. ದೊಡ್ಡ ಹುದ್ದೆ ಯಾವುದೂ ಇರಲಿಲ್ಲ. ಇವತ್ತಿಗೂ ಲೋಕದ ಎಷ್ಟೋ ಕಡೆ ಜನ ಅವರ ಮಾತುಗಳನ್ನು ಓದಿ ಪ್ರಾರ್ಥಿಸುತ್ತಾರೆ.

ಹಳೆಯ ಒಡಂಬಡಿಕೆಯಲ್ಲೂ ಒಂದು ಒಣ ಕೋಲಿನ ಕಥೆಯಿದೆ. ಸಂಖ್ಯಾಕಾಂಡದ 17ನೇ ಅಧ್ಯಾಯದಲ್ಲಿ ಆರೋನನ ಕೋಲನ್ನು ದೇವರ ಸನ್ನಿಧಿಯಲ್ಲಿ ಇಡುತ್ತಾರೆ. ಮಾರನೆಯ ದಿನ ನೋಡಿದರೆ ಅದು ಚಿಗುರಿ, ಹೂ ಬಿಟ್ಟು, ಬಾದಾಮಿ ಕಾಯಿ ಬಿಟ್ಟಿತ್ತು. ಆ ಕೋಲಿಗೆ ಬೇರಿಲ್ಲ, ಮಣ್ಣಿಲ್ಲ, ನೀರಿಲ್ಲ. ಅದು ಇದ್ದದ್ದು ದೇವರ ಮುಂದೆ, ಅಷ್ಟೇ. ಒಣಗಿದ ಮನಸ್ಸಿನವರು ಬೆಟ್ಟಕ್ಕೆ ಬರುವುದೂ ಇದಕ್ಕೇ. ಪ್ರಾರ್ಥನೆಗೆ ಮಾತು ಬಾರದಿದ್ದರೂ ಆತನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಇರುವುದಕ್ಕೆ.

ಹೊಲದಿಂದ ಬಂದವನು

ಅಷ್ಟರಲ್ಲಿ ಒಬ್ಬ ಮುದುಕ ಕೂಸನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಗಂಟು ಹಿಡಿದು, ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕುಸಿದು ಕುಳಿತ. ಮಗ ಯೋಚಿಸಲಿಲ್ಲ. "ಕೊಡ್ರಿ ಅಜ್ಜಾರ, ಕೂಸಿನ್ನ ನಾ ಹಿಡೀತೀನಿ" ಎಂದು ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡ. ಗಂಟನ್ನೂ ತೆಗೆದುಕೊಂಡ.

ತಾಯಿ ಹಿಂದಿನಿಂದ ನೋಡುತ್ತಾ ಬಂದಳು. ಆಗಲೇ ದಾಟಿ ಬಂದಿದ್ದ ಐದನೆಯ ಸ್ಥಳ ಅವಳಿಗೆ ನೆನಪಾಯಿತು. ಸಿರೇನಿನ ಸಿಮೋನ ಪ್ರಭುವಿನ ಶಿಲುಬೆಗೆ ಹೆಗಲು ಕೊಟ್ಟ ಸ್ಥಳ ಅದು. ಮಾರ್ಕ ಮತ್ತು ಲೂಕ ಇಬ್ಬರೂ ಅವನು ಹಳ್ಳಿಯ ಕಡೆಯಿಂದ ಬರುತ್ತಿದ್ದ ಎನ್ನುತ್ತಾರೆ. ಮೂಲದ ಆ ಮಾತಿಗೆ ಹೊಲದ ಕಡೆಯಿಂದ ಎಂಬ ಅರ್ಥವೂ ಬರುತ್ತದೆ. ಅವನು ಶಿಲುಬೆ ಹೊರಲು ಬಂದವನಲ್ಲ, ದಾರಿಯಲ್ಲಿ ಹೋಗುತ್ತಿದ್ದವನು, ಸೈನಿಕರು ಹಿಡಿದು ಹೊರಿಸಿದರು. ಆದರೂ ಲೋಕ ರಕ್ಷಕನ ಭಾರವನ್ನು ಹಂಚಿಕೊಂಡ ಭಾಗ್ಯ ಅವನಿಗೇ ಸಿಕ್ಕಿತು. ತಾಯಿಯ ಚೀಲ ಹೊರಲು ಮಾತ್ರ ಬಂದವನಿಗೂ ಪ್ರಭು ಹೀಗೇ ದಾರಿಯಲ್ಲಿ ಸಿಗುತ್ತಾರೆ.

ಶಿಖರ ತಲುಪಿದಾಗ ಬಲಿಪೂಜೆ ಶುರುವಾಗಿತ್ತು. ಮುದುಕನ ಕೂಸು ಹೆಗಲ ಮೇಲೇ ನಿದ್ದೆ ಹೋಗಿತ್ತು. ಅದನ್ನು ಅಜ್ಜನ ಕೈಗೆ ಕೊಡಬೇಕೆಂದರೆ ಒಳಗೆ ಹೋಗಲೇಬೇಕು. ಎರಡು ವರ್ಷದ ಮೇಲೆ ಮಗ ದೇವಾಲಯದ ಹೊಸ್ತಿಲು ದಾಟಿದ. ಕೂಸನ್ನು ಕೊಟ್ಟು ಹೊರಗೆ ಬರಲಿಲ್ಲ. ಹಿಂದಿನ ಗೋಡೆಗೆ ಒರಗಿ ಕುಳಿತ. ಪರಮಪ್ರಸಾದಕ್ಕೆ ಹೋಗಲಿಲ್ಲ, ಹಾಡಲಿಲ್ಲ. ಕಣ್ಣು ಮಾತ್ರ ತುಂಬಿತ್ತು. ತಾಯಿ ತಿರುಗಿ ನೋಡಲಿಲ್ಲ. ಹೊಲದಲ್ಲಿ ಬೀಜ ಹಾಕಿದವನು ಮಲಗಿ ಎದ್ದರೂ, ಅವನಿಗೆ ತಿಳಿಯದ ಹಾಗೆ ಬೀಜ ತಾನೇ ಮೊಳೆಯುತ್ತದೆ ಎಂದು ಮಾರ್ಕನ 4ನೇ ಅಧ್ಯಾಯದಲ್ಲಿ ಪ್ರಭು ಹೇಳುತ್ತಾರೆ. ಮೊಳೆಯುವ ಬೀಜವನ್ನು ಕೆದಕಿ ನೋಡಬಾರದೆಂದು ರೈತ ಹೆಂಗಸಿಗೆ ಗೊತ್ತಿತ್ತು.

ಪೂಜೆಯಾದ ಮೇಲೆ ಅವಳು ಕಟ್ಟಿನ ಬತ್ತಿಗಳನ್ನೆಲ್ಲ ಗಂಡನ ಆತ್ಮಕ್ಕಾಗಿ ಹಚ್ಚಿದಳು. ಕೊಸರಿನ ಸಣ್ಣ ಬತ್ತಿ ಒಂದು ಉಳಿದಿತ್ತು. ಮಗ ಕೈ ಚಾಚಿ ಅದನ್ನು ತೆಗೆದುಕೊಂಡು ತಾನೇ ಹಚ್ಚಿದ.

ಇಳಿಯುವಾಗ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಬುಡಕ್ಕೆ ಬಂದ ಮೇಲೆ ಮಗ ಒಂದೇ ಮಾತು ಹೇಳಿದ: "ಯವ್ವಾ, ಅಪ್ಪನ ಕೊರಡು ಅಟ್ಟದ ಮ್ಯಾಲ ಐತೇನು? ಮಳಿ ಆದ್ರ ಈ ವರ್ಷ ನಾನ ಹೊಡೀತೀನಿ."

ಸಾಲ ತೀರಿರಲಿಲ್ಲ. ಮಳೆ ಬರುತ್ತದೆಂಬ ಖಾತ್ರಿಯೂ ಇರಲಿಲ್ಲ. ಆದರೆ ಬುಡದಲ್ಲಿ ಒಂದು ಚಿಗುರು ಒಡೆದಿತ್ತು.

ಮನೆಗೆ ಹೋಗುವಾಗ

ಪ್ರಿಯ ಯಾತ್ರಿಕರೇ, ಬೆಟ್ಟದಿಂದ ನೀವು ತೀರ್ಥ, ಜಪಸರ, ಸ್ವರೂಪಗಳನ್ನು ಕೊಂಡು ಹೋಗುತ್ತೀರಿ. ಒಳ್ಳೆಯದು. ಅವುಗಳ ಜೊತೆ ಮೂರು ಸಣ್ಣ ಅಭ್ಯಾಸಗಳನ್ನೂ ಒಯ್ಯಿರಿ. ದಿನಕ್ಕೊಮ್ಮೆ ಒಂದು ಗಿಡ, ಒಂದು ಹಕ್ಕಿ, ಇಲ್ಲವೇ ಕೈಯಲ್ಲಿರುವ ಕೆಲಸವನ್ನು ಸ್ವಲ್ಪ ನಿಂತು ನೋಡಿ, ಪ್ರಭು ಇದರಲ್ಲಿ ಏನು ಹೇಳುತ್ತಿದ್ದಾರೆ ಎಂದು ಕೇಳಿ. ವಾರಕ್ಕೊಮ್ಮೆ ನಿಮ್ಮದಲ್ಲದ ಒಂದು ಭಾರಕ್ಕೆ ಹೆಗಲು ಕೊಡಿ. ದುಃಖದಲ್ಲಿರುವವರ ಮನೆಗೆ ಹೋದಾಗ ಬುದ್ಧಿ ಹೇಳುವ ಮೊದಲು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.

ಪ್ರಾರ್ಥಿಸೋಣ: ಓ ಪ್ರಭುವೇ, ಕೊಸರಿನ ಗುಬ್ಬಿಯನ್ನೂ ಮರೆಯದವರೇ, ನಮ್ಮನ್ನು ಮರೆಯಬೇಡಿ. ಮರದ ಭಾರದ ಕೆಳಗೆ ಮೂರು ಸಲ ಬಿದ್ದು ಮೂರು ಸಲವೂ ಎದ್ದವರೇ, ಬಿದ್ದವರ ಪಕ್ಕದಲ್ಲಿರಿ. ನಮ್ಮ ಬೇರನ್ನು ನಿಮ್ಮಲ್ಲಿ ಗಟ್ಟಿಮಾಡಿ, ನಮ್ಮ ಹೊಲಗಳಿಗೆ ಮಳೆ ಕೊಡಿ, ನಮ್ಮನ್ನು ಅಗಲಿದವರಿಗೆ ನಿತ್ಯ ಬೆಳಕನ್ನು ದಯಪಾಲಿಸಿ. ಮಾತೆ ಮರಿಯಮ್ಮನವರೇ, ಮಗನ ಶಿಲುಬೆಯ ಬಳಿ ನಿಂತವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.